ಅಂಗಡಿ ಡಾಕ್ಟರ್‌ಬಾಯಿಗೆ ಗೊತ್ತಿಲ್ಲದ್ದು

“ನನಗ ಗೊತ್ತಿಲ್ಲ” ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡುವ ಡಾಕ್ಟರೆಂದು ನಾನು ಕಂಡದ್ದು ಅವರೊಬ್ಬರನ್ನೇ. ಬೇರೆಯವರು ಗೊತ್ತಾಗದಿದ್ದಾಗ ಇನ್ನೊಂದು ಟೆಸ್ಟ್ ಬರೆಯುತ್ತಾರೆ, ಇಲ್ಲವೇ ಟೆನ್ಷನ್ ಎಂದು ಹೇಳಿ ಕಳಿಸುತ್ತಾರೆ. ಡಾ. ಶಾರದಾ ಅಂಗಡಿಯವರು ಮಾತ್ರ ಸ್ಟೆತಸ್ಕೋಪನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟು, ಎದುರು ಕೂತವರ ಮುಖ ನೋಡಿ, ಊಟ ಆಯಿತು ಎಂದು ಹೇಳುವಷ್ಟು ಸಹಜವಾಗಿ ಹಾಗೆನ್ನುತ್ತಿದ್ದರು. ಹಾಗೆಂದ ಮೇಲೂ ಅವರ ದವಾಖಾನೆಯ ಬೆಂಚು ಖಾಲಿಯಾಗುತ್ತಿರಲಿಲ್ಲ.

ಅವರು ಬೈಲಹೊಂಗಲದ ಕಡೆಯವರು. ಗಂಡ ಕಲ್ಯಾಣದಲ್ಲಿ ರೈಲ್ವೆ ನೌಕರಿಯಲ್ಲಿದ್ದವರು, ಬೇಗ ತೀರಿಕೊಂಡರು. ಡೊಂಬಿವಲಿ ಪೂರ್ವದಲ್ಲಿ, ಫ್ಯಾಕ್ಟರಿಗಳ ಕಡೆಗೆ ಹೋಗುವ ರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕ ಅವರ ಒಂದು ಕೋಣೆಯ ದವಾಖಾನೆ; ಮೇಲಿನ ಮಹಡಿಯಲ್ಲೇ ಮನೆ. ಬಾಗಿಲ ಮೇಲಿನ ‘ಅಂಗಡಿ’ ಎಂಬ ಅಡ್ಡಹೆಸರನ್ನು ಓದಿ ಹೊಸದಾಗಿ ಬಂದ ಕನ್ನಡದವರು ಇಲ್ಲಿ ಏನು ಮಾರುತ್ತಾರೆ ಎಂದು ಕೇಳಿದ್ದುಂಟು. ನಾವೆಲ್ಲ ಅವರನ್ನು ಅಂಗಡಿ ಡಾಕ್ಟರ್‌ಬಾಯಿ ಎನ್ನುತ್ತಿದ್ದೆವು. ಎತ್ತರದ ಆಳು, ದಪ್ಪ ದನಿ. ಠಾಣೆ ಸ್ಟೇಷನ್ನಿನ ಎದುರು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಒಮ್ಮೆ ಕೊಂಡ ಫ್ರೇಮನ್ನು ಅವರು ಕೊನೆಯವರೆಗೂ ಬದಲಿಸಲಿಲ್ಲ, ಗಾಜು ಮಾತ್ರ ಬದಲಿಸುತ್ತಿದ್ದರು. ಮರಾಠಿಯವರೊಡನೆ ಮರಾಠಿ, ಬಿಹಾರದವರೊಡನೆ ಹಿಂದಿ, ನಮ್ಮೊಡನೆ ಊರಿನ ಕನ್ನಡ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಹಿಂದಿಯಲ್ಲಿ ಉತ್ತರ ಕೊಟ್ಟು ತಾಯಂದಿರಿಂದ ಬೈಸಿಕೊಂಡರೆ, “ಇರ್ಲಿ ಬಿಡವಾ, ಯಾವ ಭಾಷಾದಾಗ ಅತ್ರೂ ನನಗ ತಿಳೀತೈತಿ” ಎನ್ನುತ್ತಿದ್ದರು.

ನಾನು ಮೊದಲು ಅವರ ಬಳಿ ಹೋದದ್ದು ಎಲ್ಲ ಕಡೆ ಸುತ್ತಿ ಮುಗಿದ ಮೇಲೆ. ಒಂದು ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗಿನ ಹೆಚ್ಚಿನವರಿಗೆ ಗಂಟುಗಂಟು ಹಿಡಿಯುವ ಜ್ವರ ಬಂದಿತ್ತು. ಜ್ವರ ವಾರದಲ್ಲಿ ಬಿಟ್ಟಿತು, ಸುಸ್ತು ಬಿಡಲಿಲ್ಲ. ಬೆಳಿಗ್ಗೆ ಏಳುವಾಗ ಇಡೀ ರಾತ್ರಿ ಯಾರೋ ಹೊಡೆದು ಹೋದ ಹಾಗೆ ಮೈ. ತಲೆ ಬಾಚಲು ಎತ್ತಿದ ಕೈ ನಡುವೆಯೇ ಸೋತು ಕೆಳಗಿಳಿಯುತ್ತಿತ್ತು. ಬ್ಲೌಸಿನ ಹೊಲಿಗೆ ತಾಗಿದಲ್ಲೆಲ್ಲ ಉರಿ. ಅಂಗಡಿಯಲ್ಲಿ ಗಿರಾಕಿಯ ಮುಂದೆ ನಿಂತು, ಕೈಯಲ್ಲಿ ಹಿಡಿದ ವಸ್ತುವಿನ ಹೆಸರೇ ನೆನಪಾಗದೆ ತಡವರಿಸುತ್ತಿದ್ದೆ. ಠಾಣೆಯಲ್ಲಿ, ಮುಲುಂಡಿನಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಹೋದೆ. ರಕ್ತ ಸರಿ, ಥೈರಾಯ್ಡ್ ಸರಿ, ಎಕ್ಸ್‌ರೇ ಸರಿ. ಪ್ರತಿ ರಿಪೋರ್ಟ್ ಬಂದಾಗಲೂ ನನ್ನ ಗಂಡನಿಗೆ ಸಮಾಧಾನವಾಗುತ್ತಿತ್ತು, ನನಗೆ ನಾಚಿಕೆಯಾಗುತ್ತಿತ್ತು. ಕಾಯಿಲೆಯೇ ಇಲ್ಲದ ಮೇಲೆ ನರಳುವುದು ಯಾವ ಮುಖದಲ್ಲಿ?

ಡಾಕ್ಟರ್‌ಬಾಯಿ ರಿಪೋರ್ಟುಗಳನ್ನೆಲ್ಲ ಓದಿ ಬದಿಗಿಟ್ಟರು. ನಿದ್ದೆ ಹೇಗೆ, ಎದ್ದಾಗ ಹೇಗಿರುತ್ತದೆ, ಎಷ್ಟು ಹೊತ್ತು ನಿಲ್ಲುತ್ತೀ, ಮನೆಯಲ್ಲಿ ಯಾರು ತೀರಿಕೊಂಡಿದ್ದಾರೆ ಎಂದೆಲ್ಲ ಕೇಳಿದರು. ಆಮೇಲೆ ಎದ್ದು ನನ್ನ ಹಿಂದೆ ಬಂದು ನಿಂತು, ಹೆಗಲ ಮೇಲೆ ಒಂದು ಕಡೆ ಹೆಬ್ಬೆರಳಿನಿಂದ ಒತ್ತಿದರು. ದೊಡ್ಡ ಒತ್ತೇನಲ್ಲ, ಉಗುರು ಬಿಳಿಚುವಷ್ಟು. ನಾನು ಕಿರುಚಿಬಿಟ್ಟೆ. ಕತ್ತಿನ ಬುಡ, ಮೊಣಕೈ, ಸೊಂಟ, ಮಂಡಿಯ ಒಳಬದಿ, ಒತ್ತಿದಲ್ಲೆಲ್ಲ ಹಾಗೆಯೇ. ಕೊನೆಗೆ ನನ್ನ ಎದುರು ಬಂದು ಕೂತರು.

“ನಿನ್ನ ಬ್ಯಾನಿ ಖರೇನ ಐತಿ, ತಂಗಿ. ಅದಕ್ಕೊಂದು ಹೆಸರೂ ಐತಿ. ಯಾಕ ಬಂತು ಅಂತ ಕೇಳಿದ್ರ, ನನಗ ಗೊತ್ತಿಲ್ಲ.”

ನಾನು ಅಳತೊಡಗಿದೆ. ಅವರು ತಡೆಯಲಿಲ್ಲ. ಹೊರಗೆ ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಮದ್ದು ಸ್ವಲ್ಪವೇ ಕೊಟ್ಟರು, ನಿದ್ದೆಯ ಬಗ್ಗೆ ಬಹಳ ಹೇಳಿದರು, ದಿನವೂ ಇಷ್ಟಿಷ್ಟೇ ನಡೆಯಲು ಕಲಿಸಿದರು. ಸಂಪೂರ್ಣ ಗುಣವಾಗುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ಆದರೂ ಅಂದಿನಿಂದ ನಾನು ಬದುಕಬಹುದಾದ ಸ್ಥಿತಿಗೆ ಬಂದೆ.

ಅವರ ಬಳಿ ನನ್ನಂಥವರು ಬಹಳ ಮಂದಿ ಬರುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ನಮ್ಮನ್ನೆಲ್ಲ ದವಾಖಾನೆಗೆ ಕರೆಸಿ, ಚಾಪೆ ಹಾಸಿ, ಚಹಾ ತರಿಸಿದರು. ಹೋಗಿ ನೋಡಿದರೆ ನಮ್ಮ ಗಲ್ಲಿಯ ಮುಖಗಳೇ ಹೆಚ್ಚು. ಎದುರು ಬಿಲ್ಡಿಂಗಿನ ಟೀಚರು, ಮೀನು ಮಾರುವ, ಇಲ್ಲಿಯದೇ ಆಗ್ರಿ ಜಾತಿಯ ಹೆಂಗಸು, ಕಲ್ಯಾಣದ ಬಟ್ಟೆ ವ್ಯಾಪಾರಿಯ ಹೆಂಡತಿ, ಬಾಯಿ ಬಿಡಲು ಸಂಕೋಚಪಡುತ್ತಿದ್ದ ಇಬ್ಬರು ಗಂಡಸರು. ವರ್ಷಗಟ್ಟಲೆ ದಾರಿಯಲ್ಲಿ ಒಬ್ಬರನ್ನೊಬ್ಬರು ನೋಡಿ ನಕ್ಕವರು, ಪ್ರತಿಯೊಬ್ಬರೂ ಇದು ತಮಗೊಬ್ಬರಿಗೇ ಎಂದು ತಿಳಿದುಕೊಂಡಿದ್ದವರು. ಕಾರಣ ಏನು ಎಂಬ ಮಾತು ಬಂದಾಗ ಎಲ್ಲರೂ ಒಟ್ಟಿಗೆ ಮಾತಾಡಿದರು. ಫ್ಯಾಕ್ಟರಿಗಳ ಗಾಳಿ ಎಂದರು ಹೆಚ್ಚಿನವರು. ಕೆಲವು ಸಂಜೆ ಆ ಕಡೆಯಿಂದ ಹಣ್ಣಿನ ಎಸೆನ್ಸಿನಂಥ, ಕೆಲವು ಸಂಜೆ ಕೊಳೆತ ಮೊಟ್ಟೆಯಂಥ ವಾಸನೆ ಬಂದು ನಾವು ಕಿಟಕಿ ಮುಚ್ಚುವುದು ನಿತ್ಯದ ಕೆಲಸವಾಗಿತ್ತು. ಟ್ಯಾಂಕರ್ ನೀರು ಎಂದರು ಕೆಲವರು. ಆ ಜ್ವರ ಎಂದರು ಇನ್ನು ಕೆಲವರು. ಟೀಚರು ಮಾತ್ರ ಲೋಕಲ್ ರೈಲು ಎಂದರು.

ಡಾಕ್ಟರ್‌ಬಾಯಿ ಎಲ್ಲವನ್ನೂ ಕೇಳಿಸಿಕೊಂಡರು. ತಮಗೂ ಮೊದಲು ಗಾಳಿಯ ಮೇಲೆಯೇ ಸಂಶಯವಿತ್ತೆಂದೂ, ಆದರೆ ಫ್ಯಾಕ್ಟರಿಗಳಿಂದ ದೂರವಿರುವ ಕಲ್ಯಾಣದ ಹಳೇ ಪೇಟೆಯ ಹೆಂಗಸರಿಗೂ ಇದೇ ನೋವಿದೆಯೆಂದೂ ಹೇಳಿದರು. ಜ್ವರವೆಂದುಕೊಂಡರೆ, ಜ್ವರ ಬಾರದವರಿಗೂ ಇದೆ. ಬಹುಶಃ ಒಬ್ಬೊಬ್ಬರಿಗೆ ಒಂದೊಂದು ಬಾಗಿಲಿನಿಂದ ಬಂದು ಒಳಗೆ ಒಂದೇ ಕಾಯಿಲೆಯಾಗಿ ಕೂತಿದೆ, ಇಲ್ಲವೇ ಹಲವು ಸೇರಿ ಮೈಯನ್ನು ಸೋಲಿಸಿವೆ. ಗಾಳಿ, ನೀರು ಪರೀಕ್ಷೆಯಾಗಲಿ ಎಂದು ಅವರು ಸಂಬಂಧಪಟ್ಟವರಿಗೆ ಬರೆದರು, ಅವರ ಕಚೇರಿಗೆ ಹೋಗಿ ಕೂತು ಬಂದರು. ಮಿತಿಯೊಳಗಿದೆ ಎಂಬ ಉತ್ತರ ಬಂತು. ಅದನ್ನು ಅವರು ನಂಬಲೂ ಇಲ್ಲ, ಸುಳ್ಳೆನ್ನಲೂ ಇಲ್ಲ.

ಆ ಚಾಪೆಯ ಮೇಲೆ ಕೂತವರಲ್ಲಿ ನಮ್ಮದೇ ಬಿಲ್ಡಿಂಗಿನ ರೇಖಾ ಇದ್ದಳು. ಅವಳು ಕಾರ್ಕಳದವಳು, ಮನೆಯಲ್ಲಿ ತುಳು. ಗಂಡ ಸುಧಾಕರ ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ಮಗಳು ಪ್ರಿಯಾ ಆಗ ಶಾಲೆಗೆ ಹೋಗುತ್ತಿದ್ದಳು. ರೇಖಾಳಿಗೆ ರಬಾಳೆಯಲ್ಲಿ ಒಂದು ಪ್ಯಾಕಿಂಗ್ ಯೂನಿಟ್ಟಿನಲ್ಲಿ ಕೆಲಸ. ಠಾಣೆಗೆ ಹೋಗಿ ರೈಲು ಬದಲಿಸಬೇಕು. ಅಲ್ಲಿ ಹೋದ ಮೇಲೆ ಓಡುವ ಬೆಲ್ಟಿನ ಮುಂದೆ ಶಿಫ್ಟ್ ಮುಗಿಯುವವರೆಗೆ ನಿಂತಿರಬೇಕು. ಮನೆಗೆ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಬಾಗಿಲ ಬಳಿ ನೆಲದ ಮೇಲೆ ಕೂತುಬಿಡುತ್ತಿದ್ದಳು. ನಾನು ಎಷ್ಟೋ ಸಲ ನೋಡಿದ್ದೇನೆ. ಸುಧಾಕರ ಅದನ್ನು ಸೋಮಾರಿತನ ಎನ್ನುತ್ತಿದ್ದ, ನೆರೆಯವರಿಗೆ ಕೇಳುವ ಹಾಗೆ.

ಡಾಕ್ಟರ್‌ಬಾಯಿ ಅವನನ್ನು ಕರೆಸಿದರು. ರೇಖಾ ಒಬ್ಬಳೇ ಹೋಗಲು ಹೆದರಿದ್ದರಿಂದ ನಾನೂ ಜೊತೆಗಿದ್ದೆ. ಅವನು ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದು, ರಿಪೋರ್ಟ್ ಎಲ್ಲ ನಾರ್ಮಲ್ ಉಂಟಲ್ಲ ಡಾಕ್ಟ್ರೇ ಎಂದ. ಅವರು ಸಿಟ್ಟಾಗಲಿಲ್ಲ.

“ರಿಪೋರ್ಟ್ ಬಾಜೂಕ ಇಡು. ನಿನ್ನ ಹೆಂಡ್ತಿ ಇಲ್ಲೇ ಕುಂತಾಳ. ಅಕಿ ಮಾರಿ ನೋಡಿ, ನೀ ಸುಳ್ಳ ಹೇಳಾಕತ್ತಿ ಅಂತ ನನ್ನ ಮುಂದ ಒಮ್ಮೆ ಹೇಳು. ಆಮ್ಯಾಲ ನಾನೂ ನಿನ್ನ ಮಾತ ನಂಬತೀನಿ.”

ಸುಧಾಕರ ರೇಖಾಳ ಕಡೆ ತಿರುಗಿದ. ಅವಳು ತಲೆ ತಗ್ಗಿಸಲಿಲ್ಲ. ಅವನೇ ನೆಲ ನೋಡಿದ. ಅದಾದ ಮೇಲೆ ಸಂಜೆ ನೀರು ತುಂಬುವುದು, ಕುಕ್ಕರ್ ಇಡುವುದು ಅವನ ಕೆಲಸವಾಯಿತು. ಹೋಟೆಲಿನವನಲ್ಲವೇ, ಸಾರು ರೇಖಾಳಿಗಿಂತ ಚೆನ್ನಾಗಿ ಮಾಡುತ್ತಾನೆ ಎಂದು ಅವಳೇ ನನ್ನೊಡನೆ ಹೇಳಿ ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಬಹಳ ದಿನಗಳ ನಂತರ ನೋಡಿದ್ದೆ.

ಕೆಲಸದ ಜಾಗದಲ್ಲಿ ಮಾತ್ರ ಏನೂ ಆಗಲಿಲ್ಲ. ಕೂತು ಮಾಡುವ ಕೆಲಸ ಕೊಡಿ ಎಂದು ಡಾಕ್ಟರ್‌ಬಾಯಿ ಬರೆದುಕೊಟ್ಟ ಚೀಟಿಯನ್ನು ಸೂಪರ್‌ವೈಸರ್ ಓದಿ, ಇಂಥ ಕಾಯಿಲೆ ಯಾವ ಮಷೀನಿನಲ್ಲಿ ಕಾಣುತ್ತದೆ ಎಂದು ಕೇಳಿದನಂತೆ. ಮುಂದೆ ನಿಂತಿದ್ದವರೆಲ್ಲ ನಕ್ಕರಂತೆ. ಕೆಲಸ ಬಿಡುವ ಹಾಗಿರಲಿಲ್ಲ. ಕಡೇಪಕ್ಷ ಪ್ರಯಾಣದಲ್ಲಾದರೂ ಕೂರಲಿ ಎಂದು, ಡೊಂಬಿವಲಿಯಿಂದಲೇ ಹೊರಡುವ ಲೋಕಲಿಗೆ ಬೇಗ ಹೋಗಿ ಹತ್ತಬೇಕೆಂದು ಡಾಕ್ಟರ್‌ಬಾಯಿ ಕಟ್ಟುನಿಟ್ಟಾಗಿ ಹೇಳಿದ್ದರು. ಕೆಲವು ತಿಂಗಳು ರೇಖಾ ಹಾಗೆಯೇ ಮಾಡಿದಳು. ಆಮೇಲೆ ಶಿಫ್ಟಿನ ಹೊತ್ತು ಬದಲಾಯಿತು. ಆ ಹೊತ್ತಿಗೆ ಸಿಗುತ್ತಿದ್ದದ್ದು ಕರ್ಜತ್ ಕಡೆಯಿಂದ ತುಂಬಿ ಬರುವ ಗಾಡಿ ಮಾತ್ರ.

ಮಳೆ ಹಿಡಿದ ಒಂದು ಬೆಳಿಗ್ಗೆ, ದಿವಾ ಸ್ಟೇಷನ್ ದಾಟಿದ ಮೇಲೆ, ರೇಖಾ ಆ ಗಾಡಿಯ ಬಾಗಿಲಿನಿಂದ ಬಿದ್ದಳು. ಆಸ್ಪತ್ರೆಗೆ ಒಯ್ಯುವ ಮೊದಲೇ ಜೀವ ಹೋಗಿತ್ತು. ಅದೇ ಡಬ್ಬಿಯಲ್ಲಿದ್ದ ಒಬ್ಬ ಹೆಂಗಸು, ಒಳಗಿನಿಂದ ನೂಕಿದ್ದರಿಂದ ಬಿದ್ದಳು ಎಂದಳು. ಇನ್ನೊಬ್ಬಳು, ಯಾರೂ ನೂಕಲಿಲ್ಲ, ಕಂಬಿ ಹಿಡಿದ ಕೈ ತಾನಾಗಿ ಬಿಟ್ಟಿತು ಎಂದಳು. ಸುಧಾಕರ ಈ ಎರಡನೆಯ ಮಾತನ್ನು ಮತ್ತೆ ಮತ್ತೆ ಕೇಳಲು ಆ ಹೆಂಗಸಿನ ಮನೆಗೆ ಬದಲಾಪುರಕ್ಕೆ ಹೋಗಿ ಬಂದ.

ಹದಿಮೂರನೆಯ ದಿನ ಕಳೆದ ಮೇಲೆ ನಮ್ಮ ಸೊಸೈಟಿಯ ಅಂಗಳದಲ್ಲಿ ಸಭೆ ಸೇರಿತು. ನಮ್ಮ ನೋವಿನ ವಿಷಯ ಅಷ್ಟು ಹೊತ್ತಿಗೆ ಎಲ್ಲರ ಬಾಯಲ್ಲೂ ಇತ್ತು. ಒಬ್ಬ ಸ್ಥಳೀಯ ಮುಖಂಡ ಮೈಕು ತರಿಸಿದ್ದ, ಕ್ಯಾಮೆರಾದವರನ್ನೂ ಕರೆಸಿದ್ದ. ನಮ್ಮ ಗಲ್ಲಿಗೆ ಹತ್ತಿರದ ಫ್ಯಾಕ್ಟರಿಯ ವಿಷವೇ ಹೆಂಗಸರ ಕೈಕಾಲು ತಿಂದಿದೆ, ಅದೇ ರೇಖಾಳನ್ನು ಕೊಂದಿದೆ ಎಂದು ಅವನು ಮರಾಠಿಯಲ್ಲಿ ಗುಡುಗಿದ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಿಜ ಹೇಳಬೇಕೆಂದರೆ, ಆ ಕ್ಷಣ ನನ್ನ ನೋವಿಗೆ ಒಬ್ಬ ಅಪರಾಧಿ ಸಿಕ್ಕಿದ್ದು ಹಿತವಾಗಿತ್ತು. ಆಮೇಲೆ ಅವನು ಮೈಕನ್ನು ಡಾಕ್ಟರ್‌ಬಾಯಿಯ ಕೈಗಿತ್ತು, ಇದನ್ನೇ ನೀವು ಒಮ್ಮೆ ಹೇಳಿ, ಸಾಕು ಎಂದ.

ಅವರು ಎದ್ದು ನಿಂತು ಮರಾಠಿಯಲ್ಲಿ ಮಾತಾಡಿದರು. ಆ ಹೊಗೆ ಯಾರಿಗೂ ಒಳ್ಳೆಯದಲ್ಲ, ಅದನ್ನು ನಿಲ್ಲಿಸಲು ಹೋರಾಡಿ, ಎಲ್ಲಿ ಕರೆದರೂ ನಾನು ಬರುತ್ತೇನೆ ಎಂದರು. ಆದರೆ ಈ ಕಾಯಿಲೆ ಅದರಿಂದಲೇ ಬಂತು, ರೇಖಾ ಅದರಿಂದಲೇ ಬಿದ್ದಳು ಎಂದು ತಾನು ಹೇಳಲಾರೆ, ಯಾಕೆಂದರೆ ತನಗೆ ಗೊತ್ತಿಲ್ಲ ಎಂದರು. ಅಂಗಳದ ಹಿಂದಿನಿಂದ ಬೈಗುಳ ಶುರುವಾದವು.

ಸುಧಾಕರ ಮುಂದಿನ ಸಾಲಿನಿಂದ ಎದ್ದ. ಅವನು ಕೂಗಲಿಲ್ಲ. ಕನ್ನಡದಲ್ಲೇ ಕೇಳಿದ.

“ಹಾಗಾದ್ರೆ ಅವಳು ಸತ್ತದ್ದು ಎಂತದರಿಂದ ಡಾಕ್ಟ್ರೇ? ನಂಗೆ ಒಂದು ಕಾರಣ ಹೇಳಿ. ಒಂದು ಸಾಕು.”

ಡಾಕ್ಟರ್‌ಬಾಯಿ ಮೈಕು ಕೆಳಗಿಟ್ಟು ಅವನ ಹತ್ತಿರ ಹೋದರು. ನಾನು ಪಕ್ಕದಲ್ಲೇ ಇದ್ದುದರಿಂದ ನನಗೆ ಕೇಳಿಸಿತು.

“ಆ ಜ್ವರ ಇರಬೇಕು. ನಿದ್ದಿ ಇಲ್ಲದ್ದು ಇರಬೇಕು. ಹಗಲೆಲ್ಲಾ ನಿಲ್ಲಿಸಿ ದುಡಿಸಿದ್ದು, ಆ ಗಾಡಿ, ಈ ಹೊಗಿ. ಎರಡ ವರ್ಷ ಅಕಿ ಮಾತ ಯಾರೂ ನಂಬಲಿಲ್ಲಲ್ಲ, ಅದೂ ಇರಬೇಕು. ಇದರಾಗ ಯಾವುದು ಅಂದ್ರ ನನಗ ಗೊತ್ತಿಲ್ಲಪಾ, ಸುಧಾಕರ. ಇವತ್ತ ನಾ ಒಂದ ಸುಳ್ಳ ಹೇಳಿದ್ರ ನಿನಗ ಸಮಾಧಾನ ಆಗ್ತೈತಿ. ನಾಳೆ ಫ್ಯಾಕ್ಟರಿಯವ್ರು ಒಂದ ಕಾಗದ ತಂದು ಈ ಡಾಕ್ಟರ್ ಹೇಳಿದ್ದು ಸುಳ್ಳು ಅಂತ ತೋರಿಸಿದ್ರ, ಈ ಹೆಣ್ಮಕ್ಕಳ ಬ್ಯಾನೀನೂ ಸುಳ್ಳ ಅಂತಾರ.”

ಸುಧಾಕರ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದ.

ಆ ವಾರದೊಳಗೆ ಡಾಕ್ಟರ್‌ಬಾಯಿ ಫ್ಯಾಕ್ಟರಿಯವರ ಕಡೆಯವರು ಎಂಬ ಮಾತು ಎಲ್ಲೆಡೆ ಹಬ್ಬಿತು. ಹಿಟ್ಟಿನ ಗಿರಣಿಯ ಎದುರು ಅವರನ್ನು ಕಂಡರೆ ಜನ ರಸ್ತೆ ದಾಟುತ್ತಿದ್ದರು. ಬೆಂಚಿನ ಮೇಲೆ ನಾನೊಬ್ಬಳೇ ಕೂತಿರುತ್ತಿದ್ದ ಸಂಜೆಗಳಿದ್ದವು. ಒಮ್ಮೆ ನಾನು ಈ ಜನರ ಬಗ್ಗೆ ಕಹಿಯಾಗಿ ಮಾತಾಡಿದಾಗ, ಡಾಕ್ಟರ್‌ಬಾಯಿ, ಆ ಜನಕ್ಕೂ ಯಾರ ಮೇಲಾದರೂ ಸಿಟ್ಟು ಬರಲೇಬೇಕಲ್ಲ ಎಂದು ಹೇಳಿ, ನನ್ನ ರಕ್ತದೊತ್ತಡ ನೋಡಲು ಪಟ್ಟಿ ಕಟ್ಟಿದರು. ಹೋರಾಟದ ಬಿಸಿಗೆ ವಾಸನೆ ಕೆಲವು ತಿಂಗಳು ಕಡಿಮೆಯಾಯಿತು. ಅದಕ್ಕೆ ಮನಸಾರೆ ಸಂತೋಷಪಟ್ಟವರು ಅವರೇ. ನಮ್ಮ ಕೈಕಾಲು ಮೊದಲಿನ ಹಾಗೆಯೇ ಇದ್ದವು. ಮತ್ತೆ ಚಳಿಗಾಲ ಬರುವಾಗ ವಾಸನೆಯೂ ಬಂತು, ಮುಖಂಡ ಬರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ದವಾಖಾನೆಗೆ ಮರಳತೊಡಗಿದರು. ಡಾಕ್ಟರ್‌ಬಾಯಿ ಯಾರನ್ನೂ ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ. ಸುಧಾಕರ ಮಾತ್ರ ಬರಲಿಲ್ಲ.

ಕೆಲವು ವರ್ಷಗಳ ನಂತರ ಡಾಕ್ಟರ್‌ಬಾಯಿಗೇ ಉಸಿರಿನ ತೊಂದರೆ ಶುರುವಾಯಿತು. ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುವ ಕಾಯಿಲೆ. ದವಾಖಾನೆ ಮುಚ್ಚಿ ಬದಲಾಪುರದಲ್ಲಿ ತಮ್ಮನ ಮನೆಗೆ ಹೋದರು. ಮೂಗಿಗೆ ಆಕ್ಸಿಜನ್ನಿನ ನಳಿಗೆ ಬಂತು. ನೋಡಲು ಹೋದಾಗ, ಯಾತರಿಂದ ಬಂತಂತೆ ಎಂದು ನಾನು ಕೇಳಿಬಿಟ್ಟೆ. “ಇದಕ್ಕೂ ಕಾರಣ ತಿಳೀವಲ್ದಂತ. ದೊಡ್ಡ ಡಾಕ್ಟರ ಹೇಳಾಕ ಒದ್ದಾಡಿದಾ. ನಾನ ಅವಗ ಸಮಾಧಾನ ಮಾಡಿದೆ” ಎಂದು ನಕ್ಕರು. ಆ ನಗು ಕೆಮ್ಮಾಗಿ, ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅದೇ ವರ್ಷ ಒಂದು ಸಂಜೆ ಸುಧಾಕರ ನಮ್ಮ ಮನೆಗೆ ಬಂದ. ಕೂರಲೂ ಇಲ್ಲ. ಪ್ರಿಯಾ ಈಗ ಠಾಣೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಎಬ್ಬಿಸಿದರೆ ಏಳಲಾಗುವುದಿಲ್ಲ, ಜಡೆ ಹೆಣೆಯಲು ಕೈ ಎತ್ತಲಾಗುವುದಿಲ್ಲ ಎನ್ನುತ್ತಾಳಂತೆ. “ಅಕ್ಕ, ಆ ಡಾಕ್ಟ್ರು ಈಗ ನೋಡ್ತಾರಾ?” ಎಂದು ಕೇಳಿದ.

ನಾವು ಮೂವರೂ ಬದಲಾಪುರಕ್ಕೆ ಹೋದೆವು. ಸುಧಾಕರ ಬಾಗಿಲಲ್ಲೇ ನಿಂತ. ಡಾಕ್ಟರ್‌ಬಾಯಿ ದಿಂಬಿಗೊರಗಿ ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಅವನನ್ನು ನೋಡಿ, ಬಾ, ಒಳಗ ಬಂದು ಕುಂಡ್ರು ಎಂದರು, ಅಷ್ಟೇ. ಪ್ರಿಯಾಳನ್ನು ಮಂಚದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಒಂದೊಂದೇ ಕೇಳಿದರು. ಅವಳು ಹಿಂದಿಯಲ್ಲಿ ಹೇಳಿದಳು, ಎಷ್ಟು ಮಲಗಿದರೂ ಮಲಗಿಯೇ ಇಲ್ಲದ ಹಾಗನಿಸುತ್ತದೆ, ಕಾಲೇಜಿನಲ್ಲಿ ಯಾರೂ ನಂಬುವುದಿಲ್ಲ ಎಂದು. ಡಾಕ್ಟರ್‌ಬಾಯಿ ಅವಳ ಹೆಗಲ ಮೇಲೆ ಕೈಯಿಟ್ಟರು. ಒತ್ತಲು ನೋಡಿದರು, ಬೆರಳಿಗೆ ಶಕ್ತಿ ಬರಲಿಲ್ಲ. ನನ್ನ ಕಡೆ ನೋಡಿದರು.

“ಸುಜಾತಾ, ನೀ ಒತ್ತು. ನಾ ಎಲ್ಲಿ ಅಂತ ಹೇಳತೀನಿ.”

ಅವರು ತೋರಿಸಿದ ಕಡೆಗಳಲ್ಲಿ ನಾನು ಒತ್ತಿದೆ. ಪ್ರಿಯಾಳ ಕಣ್ಣಿನಿಂದ ನೀರಿಳಿಯಿತು. ಸುಧಾಕರ ಗೋಡೆಯ ಕಡೆ ಮುಖ ಮಾಡಿದ. ಡಾಕ್ಟರ್‌ಬಾಯಿ ಉಸಿರು ಸಿಕ್ಕಿದಾಗ ಸಿಕ್ಕಿದಷ್ಟು ಮಾತಾಡಿ, ಮಲಗುವುದು, ಏಳುವುದು, ನಡೆಯುವುದನ್ನೆಲ್ಲ ಅವಳಿಗೆ ಹೇಳಿದರು. ದಣಿದು ನಡುವೆ ಕಣ್ಣು ಮುಚ್ಚಿದಾಗ ನಾವು ಏಳಲು ಹೊರಟೆವು, ಬೇಡವೆಂದು ಕೈಯಲ್ಲೇ ತಡೆದರು. ಹೊರಡುವಾಗ ಸುಧಾಕರ ಅವರ ಕಾಲು ಮುಟ್ಟಿದ. ಅವರು ಅವನ ತಲೆಯ ಮೇಲೆ ಕೈಯಿಟ್ಟು, ದೀಪಾವಳಿ ಕಳೆದ ಮೇಲೆ ಹುಡುಗಿಯನ್ನು ಮತ್ತೆ ಕರೆದುಕೊಂಡು ಬಾ ಎಂದರು.

ದೀಪಾವಳಿಗೆ ಮೊದಲೇ ಅವರು ಹೋದರು. ಸುದ್ದಿ ನಮಗೆ ತಡವಾಗಿ ತಿಳಿಯಿತು. ಬದಲಾಪುರಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಪ್ರಿಯಾಳಿಗೆ ಮತ್ತೆ ಜೋರಾಯಿತೆಂದು ಠಾಣೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಎಳೆಯ ವಯಸ್ಸಿನ ಡಾಕ್ಟರು, ಮರ್ಯಾದೆಯಿಂದಲೇ ಮಾತಾಡಿದರು. ಕಂಪ್ಯೂಟರ್ ನೋಡುತ್ತಲೇ ರಿಪೋರ್ಟ್ ಎಲ್ಲ ನಾರ್ಮಲ್ ಎಂದರು, ಪರೀಕ್ಷೆಯ ಟೆನ್ಷನ್ ಇರಬಹುದು ಎಂದರು. ಪ್ರಿಯಾ ನನ್ನ ಮುಖ ನೋಡಿದಳು. ಸುಧಾಕರ ವಾದ ಮಾಡಲಿಲ್ಲ. ಮಗಳ ಬ್ಯಾಗನ್ನು ತಾನೇ ಹೆಗಲಿಗೇರಿಸಿಕೊಂಡು ಹೊರಗೆ ಬಂದ. ಸ್ಟೇಷನ್ನಿನಲ್ಲಿ ಪ್ರಿಯಾ ಕೂರಲು ಜಾಗವಿರುವ ಗಾಡಿ ಬರುವವರೆಗೆ ನಾವು ಒಂದರ ಮೇಲೊಂದು ಲೋಕಲ್ ಬಿಟ್ಟೆವು. ಕಲ್ಯಾಣದಲ್ಲಿ ಒಬ್ಬರು ಡಾಕ್ಟರ್ ಇದ್ದಾರೆ, ಸ್ವಲ್ಪ ಹೊತ್ತು ಕೂತು ಕೇಳಿಸಿಕೊಳ್ಳುತ್ತಾರೆ ಎಂದು ಹೋಟೆಲಿಗೆ ಬರುವ ಯಾರೋ ಅವನಿಗೆ ಹೇಳಿದ್ದಾರೆ. ಮುಂದಿನ ವಾರ ಅಲ್ಲಿಗೆ ಹೋಗಿ ನೋಡಬೇಕು.